ಗಂಟೆ ವಿಭಾಗದ ಮಾಸ್ತಪ್ಪ

ಆಯುಧ ಪೂಜೆಯ ಹಿಂದಿನ ದಿನ ಸಂಜೆ ಮಾಸ್ತಪ್ಪ ಹೆಂಚಿನ ಕಾರ್ಖಾನೆಯಿಂದ ಬಂದವನು ಕೈಕಾಲು ಸಹ ತೊಳೆಯದೆ ಸುತ್ತಿಗೆಗೆ ಎಣ್ಣೆ ಹಚ್ಚಲು ಕೂತ. ಹೆಂಡತಿ ಹುಲಿಯಮ್ಮ ಒಲೆ ಮುಂದೆ ಇದ್ದಳು. ಗೂಡಿನಲ್ಲಿ ಎಣ್ಣೆ ಕುಡಿಕೆ ಇರಲಿಲ್ಲ. ತಿರುಗಿ ನೋಡಿದಳು.

“ಅದು ತಲೆಗೆ ಹಚ್ಚೋ ಎಣ್ಣೆ.”

“ಇದಕ್ಕೂ ತಲೆ ಉಂಟಲ್ಲ.”

“ನಾಳೆ ಪೂಜೆಗೆ ನಾನು ಎಂತ ಹಚ್ಕೊಂಡು ಬರ್ಲಿ?”

“ನಿನ್ನ ತಲೆ ಯಾರು ನೋಡ್ತಾರೆ ಮಾರಾಯ್ತಿ. ನಾಳೆ ಎಲ್ರೂ ನೋಡೋದು ಇದನ್ನ.”

ಅವಳು ಒಲೆಯಿಂದ ಗಡಿಗೆ ಇಳಿಸಿದಳು. ಗಂಜಿ ಬಡಿಸಿದಳು, ಒಣಮೀನು ಸುಟ್ಟು ಹಾಕಿದಳು. ಉಪ್ಪು ಜಾಸ್ತಿ ಅಂದ, ಅಂದುಕೊಂಡೇ ಎಲ್ಲ ತಿಂದ. ಬಿಳಿ ಅಂಗಿಯ ಗುಂಡಿ ಬಿದ್ದಿತ್ತು. ಬಿಳಿ ದಾರ ಇರಲಿಲ್ಲ, ಕಪ್ಪು ದಾರದಲ್ಲಿ ಹೊಲಿದಳು. ದೂರದಿಂದ ಕಾಣುವುದಿಲ್ಲ ಬಿಡು ಅಂದ. ಬೆಳಿಗ್ಗೆ ಬೇಗ ಎಬ್ಬಿಸು ಅಂದ. ಅವನನ್ನು ಯಾರೂ ಯಾವತ್ತೂ ಎಬ್ಬಿಸಿದ್ದಿಲ್ಲ. ಊರನ್ನೆಲ್ಲ ಎಬ್ಬಿಸುತ್ತಿದ್ದವನೇ ಅವನು. ಸುತ್ತಿಗೆಯನ್ನು ತಲೆದೆಸೆಗೆ ಇಟ್ಟುಕೊಂಡು ಮಲಗಿದ.

ಆ ಸಂಜೆ ಇಷ್ಟೇ.

ಮಾಸ್ತಪ್ಪ ಒಂದು ಸುತ್ತಿಗೆಯ ಮೇಲೆ ಅಷ್ಟು ಜೀವ ಇಟ್ಟಿದ್ದು ಯಾಕೆ ಅಂತ ಹೇಳಬೇಕಾದರೆ ಗದ್ದೆಯಿಂದ ಹೇಳಬೇಕು. ಸಿಗಂದೂರಿನ ಕಡೆ ಅವನಿಗೆ ಗೇಣಿ ಗದ್ದೆ ಇತ್ತು. ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಗದ್ದೆ ಮುಳುಗಿತು, ಮನೆ ಮುಳುಗಿತು. ಗಂಡ ಹೆಂಡತಿ ಹೊಳೆ ದಾಟುವಾಗ ಹುಲಿಯಮ್ಮ ಪಾತ್ರೆ ಹೊತ್ತಳು, ಮಾಸ್ತಪ್ಪ ನೇಗಿಲು ಹೊತ್ತ. ಉಳಲು ಗದ್ದೆಯಿಲ್ಲದ ಮೇಲೆ ನೇಗಿಲು ಎಂತಕ್ಕೆ ಅಂತ ದಾರಿಯುದ್ದಕ್ಕೂ ಬೈದಳು. ಸಾಗರಕ್ಕೆ ಬಂದ ಮೇಲೆ ಅವನು ನೇಗಿಲ ಗುಳ ಕಳಚಿ ಕಮ್ಮಾರನ ಹತ್ತಿರ ಸುತ್ತಿಗೆ ಬಡಿಸಿದ. ಮತ್ತಿ ಮರದ ಕಾವು ತಾನೇ ಕೆತ್ತಿ ಹಾಕಿದ. ನೇಗಿಲಿನ ಮರವನ್ನು ಒಲೆಗೆ ಹಾಕಿದರು.

ಆಗ ಊರ ಹೊರಗೆ ದೊಡ್ಡ ಹೆಂಚಿನ ಕಾರ್ಖಾನೆ ಏಳುತ್ತಿತ್ತು. ಕಟ್ಟುವ ಕೆಲಸದವರನ್ನು ಕರೆಯಲು ಹಲಸಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ನೇತು ಹಾಕಿದ್ದರು. ಅದನ್ನು ಹೊಡೆಯಲು ಜನ ಬೇಕಿತ್ತು. ಸುತ್ತಿಗೆ ಇದ್ದವನು ಮಾಸ್ತಪ್ಪ ಒಬ್ಬನೇ. ಕೆಲಸ ಸಿಕ್ಕಿತು.

ಕಾರ್ಖಾನೆ ಎದ್ದು ನಿಂತಾಗ ನೂರಾರು ಜನ ಸೇರಿದರು. ಕೊಟ್ಟಿಗೆಯಲ್ಲಿ ಎಮ್ಮೆ ಒಂದು ಕಡೆ, ಎತ್ತು ಒಂದು ಕಡೆ ಕಟ್ಟಿದ ಹಾಗೆ ಜನರನ್ನೂ ಬೇರೆ ಬೇರೆ ಮಾಡಿದರು. ಹೆಂಚು ಒತ್ತುವವರು ಕುಂದಾಪುರದ ಕಡೆಯವರು. ಕೆಲಸ ಬಲ್ಲವರು, ಒತ್ತಿದ ಹೆಂಚಿನ ಲೆಕ್ಕದಲ್ಲಿ ಕೂಲಿ, ಯಾರ ಜೊತೆಗೂ ಎಲೆಯಡಿಕೆ ಹಂಚಿಕೊಳ್ಳುತ್ತಿರಲಿಲ್ಲ. ಮಣ್ಣು ತುಳಿಯುವವರು ಹೊಸನಗರದವರು. ಭಟ್ಟಿಗೆ ಬೆಂಕಿ ಹಾಕುವವರು ತೀರ್ಥಹಳ್ಳಿಯವರು. ಹಸಿ ಹೆಂಚು ಹೊರುವವರು ಸುತ್ತಲಿನ ಹೆಂಗಸರು. ಹೆಂಗಸರಿಗೆ ಗಂಡಸಿನ ಅರ್ಧ ಕೂಲಿ. ಹೆಂಚಿನ ಭಾರ ಮಾತ್ರ ಅರ್ಧ ಆಗಿರಲಿಲ್ಲ.

ಇವರನ್ನೆಲ್ಲ ಬಿಟ್ಟರೆ ಬದಲಿಗಳು. ಒಳಗಿನವನೊಬ್ಬ ಬರದಿದ್ದರೆ ಅವನ ಜಾಗಕ್ಕೆ ಹೋಗುವವರು. ಬೆಳಿಗ್ಗೆ ಗೇಟಿನ ಹತ್ತಿರ ಕೂತು ಯಾರಿಗಾದರೂ ಜ್ವರ ಬರಲಿ ಅಂತ ಕಾಯುತ್ತಿದ್ದರು. ಕೆಟ್ಟವರೇನಲ್ಲ. ಜ್ವರ ಬಂದವನ ಮನೆಗೆ ಹೋಗಿ ಕಷಾಯ ಕೊಟ್ಟು ಬರುತ್ತಿದ್ದರು. ಬೇಗ ಗುಣ ಆಗದೆ ಇರೋ ಕಷಾಯ ಅದು ಅಂತ ವರದಮ್ಮ ಹೇಳುತ್ತಿದ್ದಳು. ವರದಮ್ಮ ಹೆಂಚು ಹೊರುವವಳು, ಹುಲಿಯಮ್ಮನ ಪಕ್ಕದ ಮನೆಯವಳು, ಬಾಯಿಗೆ ಬೇಲಿ ಇಲ್ಲದವಳು.

ಮಾಸ್ತಪ್ಪ ಇದ್ಯಾವುದರಲ್ಲೂ ಇರಲಿಲ್ಲ. ಅವನ ಸಂಬಳವನ್ನು ಮೊದಲಿನಿಂದಲೂ ಕಂಬಿ ಮತ್ತು ಹಗ್ಗದ ಜೊತೆ ರಿಪೇರಿ ಖರ್ಚಿಗೆ ಬರೆಯುತ್ತಿದ್ದರು. ಹಗ್ಗ ಹೊಸದು ತಂದ ತಿಂಗಳು ಅವನ ಸಂಬಳ ತಡವಾಗುತ್ತಿತ್ತು.

ಸಂಘ ಕಟ್ಟಿದ ಮೇಲೆ ಮ್ಯಾನೇಜರಿಗೂ ಸಂಘಕ್ಕೂ ಒಂದು ಒಪ್ಪಂದ ಆಯಿತು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಆಫೀಸಿನವರು, ತಿಂಗಳ ಸಂಬಳ. ನಿಂತು ಮಾಡುವವರು ಕಾರ್ಮಿಕರು, ಕೂಲಿ ಮತ್ತು ಬೋನಸ್ಸು. ಮಾಸ್ತಪ್ಪ ಹಲಸಿನ ಬುಡದ ಕಲ್ಲಿನ ಮೇಲೆ ಕೂತಿರುತ್ತಿದ್ದ. ಹೊಡೆಯುವಾಗ ಏಳುತ್ತಿದ್ದ. ಇವನು ಯಾವ ಲೆಕ್ಕ ಅಂತ ನೋಡಲು ಇಬ್ಬರು ಬಂದರು. ಒಬ್ಬರು ಮ್ಯಾನೇಜರ್ ಶ್ರೇಯಾಂಸಯ್ಯನವರು, ಹೊಂಬುಜದ ಕಡೆಯ ಜೈನರು, ಮೆತ್ತಗೆ ಮಾತಾಡುವವರು. ಇನ್ನೊಬ್ಬ ಸಂಘದ ಕಾರ್ಯದರ್ಶಿ ಹೂವಯ್ಯ, ಅರಳಸುರಳಿಯವನು, ಭಟ್ಟಿ ಕೆಲಸದಲ್ಲಿ ಹುಬ್ಬು ಸುಟ್ಟುಕೊಂಡವನು.

“ಕೂತಿದಾನೆ,” ಅಂದ ಹೂವಯ್ಯ. “ಕಾರ್ಮಿಕ ಅಲ್ಲ.”

“ಕಲ್ಲು ಕುರ್ಚಿಯಲ್ಲಪ್ಪ,” ಅಂದರು ಶ್ರೇಯಾಂಸಯ್ಯ. “ಕುರ್ಚಿಗೆ ಕಾಲಿರಬೇಕು.”

“ನಾ ಬೇಕಾದ್ರೆ ನಿಂತೇ ಇರ್ತೀನಿ ಸ್ವಾಮಿ,” ಅಂದ ಮಾಸ್ತಪ್ಪ.

“ಬೇಡ ಮಾಸ್ತಪ್ಪ, ಸುಮ್ಮನೆ ನಿಂತರೆ ಅದೂ ಕೆಲಸ ಅಲ್ಲ,” ಅಂದರು ಮ್ಯಾನೇಜರು.

ಇಬ್ಬರೂ ಮರವನ್ನೂ ಕಲ್ಲನ್ನೂ ಮತ್ತೊಂದು ಸಲ ನೋಡಿ ಹೋದರು. ಅಷ್ಟು ಹೊತ್ತಿಗೆ ಕಾರ್ಖಾನೆಗೆ ಕರೆಂಟು ಬಂದಿತ್ತು. ಮಾಸ್ತಪ್ಪನ ಗದ್ದೆ ಮುಳುಗಿಸಿದ ನೀರಿನದೇ ಕರೆಂಟು. ಅದರ ಜೊತೆ ಒಂದು ಸೈರನ್ ತಂದರು. ಇನ್ನು ಇವನ ಕೆಲಸ ಹೋಯಿತು ಅಂತ ಹುಲಿಯಮ್ಮ ಎರಡು ದಿನ ಊಟ ಬಿಟ್ಟಳು. ಆದರೆ ಯಂತ್ರ ಓಡುವಾಗ ಸೈರನ್ ಹಾಕಿದರೆ ಫ್ಯೂಸು ಹೋಗುತ್ತಿತ್ತು. ಯಂತ್ರ ನಿಲ್ಲಿಸಿ ಸೈರನ್ ಹಾಕಬೇಕು. ಯಂತ್ರ ನಿಲ್ಲಿಸುವುದು ಸೈರನ್ ಕೇಳಿದ ಮೇಲೆ. ಕೊನೆಗೆ ಮಾಸ್ತಪ್ಪ ಕಂಬಿ ಹೊಡೆಯುವುದು, ಯಂತ್ರ ನಿಲ್ಲುವುದು, ಆಮೇಲೆ ಸೈರನ್ ಕೂಗುವುದು ಅಂತ ಆಯಿತು. ಸ್ವಲ್ಪ ದಿನದ ಮೇಲೆ ಸೈರನ್ನಿನ ಒಳಗೆ ಹಕ್ಕಿ ಗೂಡು ಕಟ್ಟಿತು.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಬಿದ್ದಿತ್ತು. ಆಯುಧ ಪೂಜೆಯ ದಿನ ಮಧ್ಯಾಹ್ನದವರೆಗೆ ಕೆಲಸ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಎಲ್ಲರೂ ತಮ್ಮ ತಮ್ಮ ಸಾಮಾನು ತೊಳೆದು ಹೆಂಚು ಒತ್ತುವ ಮನೆಯಲ್ಲಿ ವಿಭಾಗದ ಪ್ರಕಾರ ಸಾಲಾಗಿ ಇಡಬೇಕು. ಭಟ್ಟರು ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಾರೆ. ಹಿಂದಿನಿಂದ ಮ್ಯಾನೇಜರು ಬೋನಸ್ಸು ಕೊಡುತ್ತಾ ಬರುತ್ತಾರೆ. ಕುಂಕುಮ ಬಿದ್ದ ಸಾಮಾನಿನ ಹಿಂದೆ ನಿಂತವನು ಕಾರ್ಖಾನೆಯ ಮನುಷ್ಯ. ಉಳಿದವನು ಹಬ್ಬ ನೋಡಲು ಬಂದವನು. ಮೊದಲ ವರ್ಷ ಹೆಂಚು ಹೊರುವ ಹೆಂಗಸರಿಗೆ ಇಡಲು ಏನೂ ಇರಲಿಲ್ಲ. ಅವರನ್ನು ಬಿಟ್ಟು ಮುಂದೆ ಹೋದರು. ವರದಮ್ಮ ತಲೆಯ ಮೇಲಿನ ಸಿಂಬೆ ತೆಗೆದು ಭಟ್ಟರ ಕಾಲ ಬುಡಕ್ಕೆ ಇಟ್ಟಳು.

“ಇದಕ್ಕೆ ಹಚ್ಚಿ. ಇಲ್ಲಾಂದ್ರೆ ನನ್ನ ತಲೆಗೇ ಹಚ್ಚಿ.”

ಮರುವರ್ಷದಿಂದ ಸಿಂಬೆಗಳ ಸಾಲು ಬೇರೆ ಆಯಿತು.

ಮಾಸ್ತಪ್ಪ ಪ್ರತಿ ವರ್ಷ ಸುತ್ತಿಗೆ ತರುತ್ತಿದ್ದ. ಒತ್ತುವವರ ಸಾಲಿನಲ್ಲಿ ಇಟ್ಟರೆ ಇದು ನಮ್ಮದಲ್ಲ ಅಂತ ಆಫೀಸಿನ ಸಾಲಿಗೆ ಸರಿಸುತ್ತಿದ್ದರು. ಆಫೀಸಿನವರು ಪೆನ್ನುಗಳ ಪಕ್ಕ ಸುತ್ತಿಗೆ ಎಂತಕ್ಕೆ ಅಂತ ಭಟ್ಟಿಯವರ ಕಡೆಗೆ ಸರಿಸುತ್ತಿದ್ದರು. ಸರಿದು ಸರಿದು ಅದು ಹೊಸ್ತಿಲಿಗೆ ಬರುತ್ತಿತ್ತು. ಭಟ್ಟರು ಹೊಸ್ತಿಲಿಗೆ ಕುಂಕುಮ ಹಚ್ಚಿ ಸುತ್ತಿಗೆ ದಾಟಿ ಹೋಗುತ್ತಿದ್ದರು. ಮನೆಗೆ ಬಂದು ಅವನು ಸುತ್ತಿಗೆಯನ್ನು ಮೂಲೆಗೆ ಇಡುತ್ತಿದ್ದ. ಹುಲಿಯಮ್ಮ ದೇವರ ಮುಂದಿನ ಕುಂಕುಮ ತಂದು ಹಚ್ಚಲು ಹೋದರೆ ಕೈ ತಳ್ಳುತ್ತಿದ್ದ. “ಮನೇಲಿ ಹಚ್ಚಿದ್ರೆ ಅದು ತೆಂಗಿನಕಾಯಿ ಒಡೆಯೋ ಸುತ್ತಿಗೆ. ಅಲ್ಲಿ ಹಚ್ಬೇಕು.”

ಅರವತ್ತೇಳನೇ ಇಸವಿ, ಮಳೆಗಾಲ ಮುಗಿಯುವ ಹೊತ್ತಿಗೆ ಮುಷ್ಕರ ಬಂತು. ಬದಲಿಗಳನ್ನು ಖಾಯಂ ಮಾಡಿ, ಹೆಂಗಸರ ಕೂಲಿ ಹೆಚ್ಚಿಸಿ ಅಂತ. ಹಿಂದಿನ ದಿನ ಸಂಜೆ ಮಾಸ್ತಪ್ಪ ಹೂವಯ್ಯನನ್ನು ಕೇಳಿದ, “ನಾಳೆ ನಾನೂ ಮನೇಲಿ ಇರ್ಲಾ ಹೂವಯ್ಯ?”

“ನೀ ಬರ್ಬೇಕು ಮಾಸ್ತಣ್ಣ. ಗಂಟೆ ಹೊಡೀದೆ ನಾವು ಮುಷ್ಕರ ಹೂಡೋದು ಹೆಂಗೆ? ಇವತ್ತು ಕೆಲಸಕ್ಕೆ ಕರೆದೇ ಇಲ್ಲ ಅಂತ ಬರ್ಕೊಂಡ್ರೆ ಎಂತ ಮಾಡ್ತೀಯ?”

ಮ್ಯಾನೇಜರು ಕರೆಸಿ ಅದನ್ನೇ ಹೇಳಿದರು. “ಗಂಟೆ ಹೊಡೆದ ಮೇಲೂ ಬರಲಿಲ್ಲ ಅಂದರೇ ತಾನೆ ಗೈರುಹಾಜರಿ? ನೀನು ತಪ್ಪಿಸಬೇಡ.”

ಮರುದಿನ ಬೆಳಿಗ್ಗೆ ನೂರಾರು ಜನ ಗೇಟಿನ ಹೊರಗೆ ಕಾದು ನಿಂತರು. ಮಾಸ್ತಪ್ಪ ಹೊಡೆದ. ಮುಷ್ಕರ ಶುರುವಾಯಿತು. ಮಧ್ಯಾಹ್ನ ಹೊಡೆದ. ಘೋಷಣೆ ನಿಲ್ಲಿಸಿ ಬುತ್ತಿ ಬಿಚ್ಚಿದರು. ಇನ್ನೊಮ್ಮೆ ಹೊಡೆದ. ಎದ್ದು ಕೂಗಿದರು. ಸಂಜೆ ಹೊಡೆದ. ಬಾವುಟ ಸುತ್ತಿಕೊಂಡು ಮನೆಗೆ ಹೋದರು. ಕಾರ್ಖಾನೆಯಲ್ಲಿ ದುಡಿದವನು ಅವನೊಬ್ಬನೇ. ಒಂದು ದಿನ ಅವನಿಗೆ ಹೊಟ್ಟೆ ಕೆಟ್ಟು ತಡವಾಯಿತು. ಮುಷ್ಕರ ತಡವಾಗಿ ಶುರುವಾಯಿತು. ನಮ್ಮ ಮುಷ್ಕರದ ಹೊತ್ತು ಹಾಳು ಮಾಡಿದೆ ಅಂತ ಹೂವಯ್ಯ ಮುನಿಸಿಕೊಂಡ. ಮುಷ್ಕರಕ್ಕಾದರೂ ಹೊತ್ತಿಗೆ ಸರಿಯಾಗಿ ಬರಬಾರದೇ ಅಂತ ಶ್ರೇಯಾಂಸಯ್ಯ ಗೇಟಿನ ಹೊರಗೆ ನಿಂತವರಿಗೆ ಹೇಳಿ ಕಳಿಸಿದರು.

“ಗಂಡ ಎಂತ ಮಾಡ್ತಿದಾನೆ ಹುಲಿಯಕ್ಕ?” ವರದಮ್ಮ ಬೇಲಿಯ ಆಚೆಯಿಂದ ಕೇಳಿದಳು. “ನಮ್ಮ ಕಡೆಯವನಾ, ಆ ಕಡೆಯವನಾ?”

“ಎರಡು ಕಡೆಯವ್ರೂ ಕೆಲಸ ಹೇಳ್ತಾರೆ. ಎರಡು ಕಡೆಯವ್ರೂ ಬೈತಾರೆ.”

“ಹಂಗಾದ್ರೆ ಮನೆ ಸೊಸೆ ಬಿಡು.”

ಹುಲಿಯಮ್ಮ ಅವತ್ತು ಗಂಡನಿಗೆ ಹೇಳಿದಳು. “ನೀವು ಒಂದು ದಿನ ಹೊಡೀಬೇಡಿ. ನಾನು ಯಾರು ಅಂತ ಹೇಳಿ, ಆಮೇಲೆ ಹೊಡೀತೀನಿ ಅನ್ನಿ.”

ಮಾಸ್ತಪ್ಪ ಚಾಪೆ ಬಿಡಿಸಿದ. “ಹೊಡೀದೆ ಇದ್ರೆ ನಾನು ಯಾರು ಅಂತ ನಂಗೇ ಗೊತ್ತಿರಲ್ಲ,” ಅಂದು ಮಲಗಿದ.

ಹಬ್ಬ ಹತ್ತಿರ ಬಂತು. ಎರಡು ಕಡೆಗೂ ಸಾಕಾಗಿತ್ತು. ಮಾತುಕತೆಗೆ ಕೂತರು. ಬದಲಿಗಳಲ್ಲಿ ಕೆಲವರು ಖಾಯಂ ಆದರು. ಹೆಂಗಸರ ಕೂಲಿ ಆಮೇಲೆ ನೋಡೋಣ ಅಂತ ಆಯಿತು. ಎಲ್ಲ ಮುಗಿದು ಎಲೆಯಡಿಕೆ ಹಾಕುವಾಗ ಮಾಸ್ತಪ್ಪ ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತ.

“ನಂದೊಂದು ಉಂಟು ಸ್ವಾಮಿ. ನನ್ನನ್ನೂ ಕಾರ್ಮಿಕ ಅಂತ ಬರ್ಕೊಳ್ಳಿ.”

ಶ್ರೇಯಾಂಸಯ್ಯ ಬೇಜಾರಲ್ಲೇ ಹೇಳಿದರು. “ಕಾರ್ಮಿಕ ಆಗಿದ್ದರೆ ಮುಷ್ಕರದಲ್ಲಿ ಇರುತ್ತಿದ್ದೆಯಲ್ಲಪ್ಪ. ನೀನು ಒಂದು ದಿನವೂ ತಪ್ಪಿಸಿಲ್ಲ.”

“ಹಂಗಾದ್ರೆ ಆಫೀಸಿನವನು ಅಂತ ಬರ್ಕೊಳ್ಳಿ.”

“ಮುಷ್ಕರಕ್ಕೆ ನೀನೇ ಗಂಟೆ ಹೊಡೆದಿದೀಯ. ಆಫೀಸಿನವರು ಅಂಥದ್ದು ಮಾಡುತ್ತಾರಾ?”

ಹೂವಯ್ಯ ನೆಲ ನೋಡುತ್ತಿದ್ದ. ಅವನಿಗೆ ನಾಚಿಕೆಯಾಗಿತ್ತು. “ಸ್ವಾಮಿ, ಇವನಿಗೊಂದು ವಿಭಾಗ ಮಾಡಿ. ಗಂಟೆ ವಿಭಾಗ. ನಮ್ಮದೂ ಬೇಡ, ನಿಮ್ಮದೂ ಬೇಡ.”

“ಒಬ್ಬನಿಗೆ?”

“ಒಬ್ಬನಿಗೇ.”

ಆಯಿತು. ಒಬ್ಬನೇ ಕೆಲಸಗಾರ, ಅವನೇ ವಿಭಾಗದ ಮುಖ್ಯಸ್ಥ. ಆಯುಧ ಪೂಜೆಯಲ್ಲಿ ಸುತ್ತಿಗೆಗೆ ಬೇರೆ ಸಾಲು. ಮಾಸ್ತಪ್ಪ ಮನೆಗೆ ಬರುವ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಕುಂದಾಪುರದವರಲ್ಲಿ ಒಬ್ಬ ಎಲೆಯಡಿಕೆ ಕೊಟ್ಟನಂತೆ. ಆಮೇಲೆ ಬಂದದ್ದೇ ಆ ಸಂಜೆ, ತಲೆಯ ಎಣ್ಣೆ ಸುತ್ತಿಗೆಗೆ ಹಚ್ಚಿದ್ದು.

ಹಬ್ಬದ ಬೆಳಿಗ್ಗೆ ಕಂಬಿಯ ಸದ್ದು ಮನೆಗೆ ಚೆನ್ನಾಗಿ ಕೇಳಿತು. ಎಣ್ಣೆ ಹಚ್ಚಿದ್ದಕ್ಕೋ ಏನೋ ಅಂತ ಹುಲಿಯಮ್ಮ ಅಂದುಕೊಂಡಳು. ಮನೆ ಸಾರಿಸಿ, ಕಡುಬು ಮಾಡಿ, ಬುತ್ತಿ ಕಟ್ಟಿಕೊಂಡು ಮಧ್ಯಾಹ್ನದ ಪೂಜೆಗೆ ಹೊರಟಳು. ಹೊತ್ತು ನೆತ್ತಿ ದಾಟಿತ್ತು. ತಾನು ತಡವಾದೆ, ಪೂಜೆ ಮುಗಿದೇ ಹೋಯಿತು ಅಂತ ಓಡುನಡಿಗೆಯಲ್ಲಿ ಬಂದಳು. ಬಂದರೆ ಯಂತ್ರಗಳು ಓಡುತ್ತಲೇ ಇದ್ದವು.

ಒಳಗೆ ಎಲ್ಲರಿಗೂ ಹಸಿವಾಗಿತ್ತು. ಎಲ್ಲರಿಗೂ ಮಧ್ಯಾಹ್ನ ದಾಟಿದ್ದು ಗೊತ್ತಿತ್ತು. ಒತ್ತುವವರು ಬೈದುಕೊಂಡು ಒತ್ತುತ್ತಿದ್ದರು, ಹೆಂಗಸರು ಬೈದುಕೊಂಡು ಹೊರುತ್ತಿದ್ದರು. ಗಂಟೆ ಹೊಡೆಯದೆ ಕೈ ಬಿಟ್ಟರೆ ಕೂಲಿ ಮುರಿಯುತ್ತಾರೆ ಅಂತ ಸಂಘ ಹೇಳಿತ್ತು. ಗಂಟೆ ಹೊಡೆಯದೆ ನಿಲ್ಲಿಸಿದರೆ ಅದೇ ರೂಢಿಯಾಗುತ್ತದೆ ಅಂತ ಮ್ಯಾನೇಜರು ಕೋಣೆಯಲ್ಲಿ ಗಡಿಯಾರ ನೋಡಿಕೊಂಡು ಕೂತಿದ್ದರು. ಭಟ್ಟರು ಅರಿಶಿನದ ತಟ್ಟೆ ಹಿಡಿದು ಹೊರಗೆ ನಿಂತಿದ್ದರು. ಹೊಸ ವಿಭಾಗ ಬಂತಲ್ಲ, ಅದಕ್ಕೇ ಗತ್ತು ತೋರಿಸ್ತಿದಾನೆ ಅಂತ ಯಾರೋ ನಗುತ್ತಿದ್ದರು.

ಮಾಸ್ತಪ್ಪ ಹಲಸಿನ ಮರಕ್ಕೆ ಒರಗಿ ಕಲ್ಲಿನ ಮೇಲೆ ಕೂತಿದ್ದ. ಬಿಳಿ ಅಂಗಿ. ಸುತ್ತಿಗೆ ತೊಡೆಯ ಮೇಲಿತ್ತು. ದಿನವೂ ಹಾಗೇ ಕೂರುತ್ತಿದ್ದ, ಅದಕ್ಕೇ ಯಾರೂ ಹತ್ತಿರ ಬಂದು ನೋಡಿರಲಿಲ್ಲ.

“ಹೊತ್ತಾಯ್ತು, ಏಳಿ,” ಅಂದಳು ಹುಲಿಯಮ್ಮ. ಹೆಗಲು ಮುಟ್ಟಿದಳು. ಕೆನ್ನೆ ಮುಟ್ಟಿದಳು. ತಣ್ಣಗಿತ್ತು.

ಕೂಗಿದಳು. ಯಂತ್ರದ ಸದ್ದಿಗೆ ಯಾರಿಗೂ ಕೇಳಲಿಲ್ಲ. ಮತ್ತೆ ಕೂಗಿದಳು. ಒಬ್ಬರೂ ತಿರುಗಲಿಲ್ಲ. ಆಗ ಅವನ ತೊಡೆಯ ಮೇಲಿನ ಸುತ್ತಿಗೆ ತಗೊಂಡು ಕಂಬಿಗೆ ಹೊಡೆದಳು. ಯಂತ್ರಗಳು ಒಂದೊಂದಾಗಿ ನಿಂತವು. ಜನ ಹೊರಗೆ ಬಂದರು. ಮೊದಲು ಬಂದವರು ಬುತ್ತಿಯ ಕಡೆ ಹೋದರು. ಆಮೇಲೆ ನೋಡಿದರು.

ಹೆಣವನ್ನು ಹೆಂಚು ಒಣಗಿಸುವ ಹಲಗೆಯ ಮೇಲೆ ಮಲಗಿಸಿ ಗೇಟಿನ ಹೊರಗೆ ತಂದರು. ಹೆಣ ಹೊರಗೆ ಹೋಗದೆ ಪೂಜೆ ಆಗದು ಅಂತ ಭಟ್ಟರು ಹೇಳಿದ್ದರು. ಪೂಜೆ ಬೇಡ ಅಂತ ಯಾರ ಬಾಯಲ್ಲೂ ಬರಲಿಲ್ಲ. ಪೂಜೆ ಇಲ್ಲದಿದ್ದರೆ ಬೋನಸ್ಸು ಇಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ, ವರ್ಷವಿಡೀ ಅದಕ್ಕೆ ಕಾದವರು. ವರದಮ್ಮ ಒಬ್ಬಳು ಸಿಂಬೆ ಬಿಸಾಕಿ ಬಂದು ಹೆಣದ ಹತ್ತಿರ ಕೂತಳು. ಬಿದಿರು ಕಡಿಯಲು ನಾಲ್ಕು ಜನ ಹೋದರು.

ಹುಲಿಯಮ್ಮ ಸುತ್ತಿಗೆ ಹಿಡಿದು ಒತ್ತುವ ಮನೆಯ ಬಾಗಿಲಿಗೆ ಹೋದಳು. ಒಳಗೆ ಸಾಲುಗಳು ಸಿದ್ಧವಾಗಿದ್ದವು. ಒಂದು ಕಡೆ ಹಲಗೆಯ ಮೇಲೆ ಸುಣ್ಣದಲ್ಲಿ ಗಂಟೆ ವಿಭಾಗ ಅಂತ ಬರೆದಿದ್ದರಂತೆ, ಹೂವಯ್ಯ ಓದಿ ಹೇಳಿದ. ಅದರ ಮುಂದೆ ಬರಿಯ ನೆಲ, ಸಣ್ಣದೊಂದು ರಂಗೋಲಿ.

“ತಾಯಿ, ಬರಬಾರದು,” ಅಂದರು ಭಟ್ಟರು. “ಸೂತಕ. ಸತ್ತವರ ಮನೆಯ ಸಾಮಾನಿಗೆ ಹೇಗೆ ಕುಂಕುಮ ಹಚ್ಚಲಿ? ಮುಂದಿನ ವರ್ಷ ನೋಡೋಣ.”

“ಅವನು ಮುಂದಿನ ವರ್ಷ ಬರಲ್ಲ ಭಟ್ರೆ,” ಅಂದ ಹೂವಯ್ಯ.

ಶ್ರೇಯಾಂಸಯ್ಯ ಕನ್ನಡಕ ಒರೆಸುತ್ತಿದ್ದರು. “ಸಂಬಳ ರಿಪೇರಿ ಖರ್ಚಿನಲ್ಲಿತ್ತು. ಸುತ್ತಿಗೆಯೂ ಅದರಲ್ಲೇ ಬಂದಿದ್ದರೆ ಅದು ಕಾರ್ಖಾನೆಯದು. ಕಾರ್ಖಾನೆಗೆ ಸೂತಕ ಇಲ್ಲ.”

“ಅವನದೇ ಅದು. ಗುಳ ಬಡಿಸಿ ಮಾಡಿದ್ದು ಅಂತ ಎಷ್ಟು ಸಲ ಹೇಳಿದಾನೆ,” ಅಂದ ಒತ್ತುವವರಲ್ಲೊಬ್ಬ.

“ಕೊಟ್ಟಿದ್ದು ಕಂಪನಿ ಅಂತ ಬರೆದರೆ ಆಯಿತಲ್ಲ.”

“ಸುಳ್ಳು ಬರೀಬೇಡಿ ಸ್ವಾಮಿ, ಆಮೇಲೆ ನಮ್ಮ ಸಾಮಾನೂ ಕಂಪನೀದು ಅಂತೀರಿ.”

ವಾದ ಏರಿತು. ಹೊರಗೆ ಹೆಣ ಇದೆ ಅನ್ನುವುದು ಮರೆತು ಹೋಯಿತು. ಸುತ್ತಿಗೆಯನ್ನು ಯಾರೂ ಮುಟ್ಟಲಿಲ್ಲ, ಎಲ್ಲರೂ ಅದರ ಕಡೆ ಬೊಟ್ಟು ಮಾಡಿದರು. ಇನ್ನು ಸ್ವಲ್ಪ ಹೊತ್ತಾದರೆ ಅದು ಮತ್ತೆ ಹೊಸ್ತಿಲಲ್ಲೇ ಉಳಿಯುತ್ತದೆ ಅಂತ ಹುಲಿಯಮ್ಮನಿಗೆ ಗೊತ್ತಾಯಿತು. ಗದ್ದೆಯದು ಅಂತ ಅವರ ಹತ್ತಿರ ಉಳಿದದ್ದು ಅದೊಂದೇ. ಸುತ್ತಿಗೆಯನ್ನು ನೆಲಕ್ಕಿಟ್ಟಳು.

“ಇದು ನಮ್ದಲ್ಲ,” ಅಂದಳು. “ಕಾರ್ಖಾನೇದು. ಅವ್ರು ಸುಮ್ಮನೆ ನಮ್ದು ಅಂತಿದ್ರು.”

ಹೂವಯ್ಯ ಮೈಲಿಗೆ ಕಳೆಯಲು ಅದರ ಮೇಲೆ ತಂಬಿಗೆ ನೀರು ಹೊಯ್ದ. ಎಣ್ಣೆ ಹಚ್ಚಿದ್ದಕ್ಕೆ ನೀರು ನಿಲ್ಲದೆ ಹನಿ ಹನಿಯಾಗಿ ಜಾರಿತು. ಎತ್ತಿಕೊಂಡು ಹೋಗಿ ರಂಗೋಲಿಯ ಮೇಲೆ ಇಟ್ಟ. ಭಟ್ಟರು ಬಗ್ಗಿ ಅರಿಶಿನ ಹಚ್ಚಿದರು, ಕುಂಕುಮ ಹಚ್ಚಿದರು, ಒಂದು ಸೇವಂತಿಗೆ ಇಟ್ಟರು. ಹಿಂದಿನಿಂದ ಬಂದ ಶ್ರೇಯಾಂಸಯ್ಯ “ಗಂಟೆ ವಿಭಾಗ” ಅಂತ ಕರೆದು, ಎದುರಿಗೆ ಯಾರೂ ಇಲ್ಲದ್ದಕ್ಕೆ ಬೋನಸ್ಸು ಹಿಡಿದ ಕೈ ಹಿಂದಕ್ಕೆ ತೆಗೆದು, ಮುಂದಿನ ಸಾಲಿಗೆ ಹೋದರು. ಹುಲಿಯಮ್ಮ ಬಾಗಿಲ ಹೊರಗಿನಿಂದ ಅಷ್ಟನ್ನು ನೋಡಿದಳು. ಆಮೇಲೆ ಗಂಡನ ಹತ್ತಿರ ಹೋದಳು. ಹಚ್ಚಿದ್ರು ಅಂತ ಕಿವಿಯ ಹತ್ತಿರ ಹೇಳಿದಳು.

ತಿಥಿ ಕಳೆದ ಮೇಲೆ ಗಂಟೆಗೆ ಹೊಸಬರನ್ನು ಹಾಕುವ ಮಾತು ಬಂತು. ಒಪ್ಪಂದದ ಪ್ರಕಾರ ಹೊಸಬರು ಬೇಕಾದರೆ ವಿಭಾಗದ ಮುಖ್ಯಸ್ಥ ಕೇಳಬೇಕು. ಮುಖ್ಯಸ್ಥ ಸತ್ತಿದ್ದ. ಅವನು ಕೇಳುವುದಿಲ್ಲ. ಅವನು ಕೇಳದೆ ಅವನ ಹೆಸರು ತೆಗೆಯುವಂತಿಲ್ಲ. ಶ್ರೇಯಾಂಸಯ್ಯನವರೂ ಹೂವಯ್ಯನೂ ಎರಡು ದಿನ ಕೂತರು. ಕೊನೆಗೆ ಮಾಸ್ತಪ್ಪ ಗೈರುಹಾಜರಿ, ಅವನು ಬರುವವರೆಗೆ ಹೆಂಡತಿ ಬದಲಿ ಅಂತ ಮಾಡಿದರು. ಹೆಂಗಸಾದ್ದರಿಂದ ಅರ್ಧ ಕೂಲಿ.

“ಕಂಬಿ ಅದೇ. ಸದ್ದು ಅದೇ,” ಅಂದಳು ಹುಲಿಯಮ್ಮ.

“ಮುಂದಿನ ಮಾತುಕತೇಲಿ ಹಾಕ್ತೀವಿ ಅತ್ತಿಗೆ,” ಅಂದ ಹೂವಯ್ಯ.

ಮುಂದಿನ ಮಾತುಕತೆ ಇನ್ನೂ ಆಗಿಲ್ಲ. ಸುತ್ತಿಗೆ ಕಾರ್ಖಾನೆಯದಾದ್ದರಿಂದ ಸಂಜೆ ಉಗ್ರಾಣಕ್ಕೆ ಒಪ್ಪಿಸಿ ಬರಬೇಕು. ಮನೆಗೆ ತರುವಂತಿಲ್ಲ.

ಬೆಳಿಗ್ಗೆ ಬೆಳಕು ಹರಿಯುವ ಮೊದಲು ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು, ಕೈ ತೊಳೆಯದೆ ಹೊರಡುತ್ತಾಳೆ. ಉಗ್ರಾಣದವನು ಸುತ್ತಿಗೆ ಕೊಡುತ್ತಾ ಜೋಪಾನ, ಕಂಪನಿ ಮಾಲು ಅನ್ನುತ್ತಾನೆ. ಕಲ್ಲಿನ ಮೇಲೆ ಬಿದ್ದ ಹಲಸಿನ ಎಲೆಗಳನ್ನು ಗುಡಿಸುತ್ತಾಳೆ. ಅಂಗೈಯಲ್ಲಿ ಉಳಿದ ಎಣ್ಣೆಯನ್ನು ಸುತ್ತಿಗೆಯ ತಲೆಗೆ ಒರೆಸುತ್ತಾಳೆ. ಗೇಟಿನ ಹತ್ತಿರ ಬದಲಿಗಳು ಬಂದು ಕೂರುತ್ತಾರೆ. ಅವಳು ಹೊಡೆಯುತ್ತಾಳೆ.